ಹೊಸ ಟ್ಯಾಬಿನಲ್ಲಿ ಮಾತ್ರ ಬರದ ಬಿಲ್ಲು

ಶನಿವಾರ, 12 ಜುಲೈ 2025
ಕೋಥ್ರೂಡ್, ಪುಣೆ

ಗುರುವಾರದಿಂದ ತಲೆ ತಿನ್ನುತ್ತಿದ್ದ ಬಗ್ ಇವತ್ತು ಮಧ್ಯಾಹ್ನ ಕೈಗೆ ಸಿಕ್ಕಿತು.

ಕರ್ವೆ ರಸ್ತೆಯಲ್ಲಿ ಕುಂದಾಪುರದ ಕಡೆಯವರ ಚಿಕ್ಕ ಹೋಟೆಲೊಂದಿದೆ. ನಾನು ಬರೆದ ಬಿಲ್ಲಿಂಗ್ ಆ್ಯಪನ್ನು ಹೊಸ ಟ್ಯಾಬಿಗೆ ಹಾಕಿಕೊಂಡಿದ್ದರು. ಮೆನು ತುಂಬಿದ್ದಾಯಿತು, ಬಿಲ್ ಒತ್ತಿದರೆ ಆ್ಯಪ್ ಮುಚ್ಚಿಹೋಗುತ್ತದೆ. "ಹ್ವಾಯ್, ಬಿಲ್ಲೇ ಬತ್ತಿಲ್ಲೆ ಕಾಣಿ" ಎಂದು ಯಜಮಾನರ ಫೋನು. ಬೇರೆ ಆರು ಹೋಟೆಲುಗಳಲ್ಲಿ ಎರಡು ವರ್ಷದಿಂದ ಓಡುತ್ತಿರುವ ಆ್ಯಪ್ ಅದು. ಒಮ್ಮೆ ತೆಗೆದು ಮತ್ತೆ ಹಾಕಿ ನೋಡಿ ಎಂದುಬಿಟ್ಟೆ. ಹೇಳಬಾರದಿತ್ತು. ಅವರ ತಂಗಿಯ ಮಗ ಟೈಪ್ ಮಾಡಿಟ್ಟಿದ್ದ 84 ತಿಂಡಿಗಳ ಪಟ್ಟಿ ಅಳಿಸಿಹೋಯಿತು. ಪಾಪ, ಹುಡುಗ ರಾತ್ರಿ ಕೂತು ಮತ್ತೆ ತುಂಬಿದ. ಬಿಲ್ ಆಗಲೂ ಬರಲಿಲ್ಲ.

ನನ್ನ ಫೋನಿನಲ್ಲಿ ಆ್ಯಪ್ ತೆಗೆದೆ, ಹಾಕಿದೆ, ಬಿಲ್ ಬಂತು. ಮತ್ತೆ ತೆಗೆದೆ, ಹಾಕಿದೆ, ಬಂತು. ಐದನೇ ಸಲಕ್ಕೆ ಪರದೆಯ ಮೂಲೆಯಲ್ಲಿದ್ದ ಸಂಖ್ಯೆ ಕಣ್ಣಿಗೆ ಬಿತ್ತು: ಬಿಲ್ ನಂಬರ್ 213. ಹಿಂದಿನ ಸಲವೂ 213 ಇದ್ದಂತೆ ನೆನಪು. ಈಗಷ್ಟೇ ಹಾಕಿದ ಆ್ಯಪಿಗೆ 212 ಹಳೆಯ ಬಿಲ್ಲುಗಳು ಎಲ್ಲಿಂದ ಬಂದವು?

ಆಂಡ್ರಾಯ್ಡ್ 6ರಿಂದ ಆಟೋ ಬ್ಯಾಕಪ್ ಇದೆ. ನಾವು ಬೇಡ ಎನ್ನದಿದ್ದರೆ ಆ್ಯಪಿನ ಡೇಟಾಬೇಸು, ಸೆಟ್ಟಿಂಗುಗಳನ್ನೆಲ್ಲ 25 ಎಂಬಿವರೆಗೆ ಗೂಗಲ್ ಡ್ರೈವಿನಲ್ಲಿ ಕಾಪಿಡುತ್ತದೆ. ಮತ್ತೆ ಹಾಕಿದ ಕೂಡಲೇ, ಆ್ಯಪ್ ತೆರೆಯುವ ಮೊದಲೇ, ವಾಪಸ್ ತಂದಿಡುತ್ತದೆ. ಅಂದರೆ ನಾನು ಹೊಸದಾಗಿ ಹಾಕಿಯೇ ಇರಲಿಲ್ಲ. ಆ ಟ್ಯಾಬಿನಲ್ಲಿ ಬ್ಯಾಕಪ್ ಆನ್ ಇರಲಿಲ್ಲ.

ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿಯಲ್ಲಿ ಪಿಎಂ ಕ್ಲಿಯರ್ ಕೊಟ್ಟು ನನ್ನ ಫೋನಿನಲ್ಲಿದ್ದ ಆ್ಯಪಿನ ಡೇಟಾ ಪೂರ್ತಿ ಅಳಿಸಿದೆ. ಮೊದಲ ಬಿಲ್ಲಿಗೇ ಕ್ರ್ಯಾಶ್! ಡೇಟಾಬೇಸ್ ತೆರೆದು ನೋಡಿದರೆ ಬಿಲ್ಲಿನ ಲೆಕ್ಕಕ್ಕೆ ಬೇಕಾದ ತೆರಿಗೆಯ ಟೇಬಲ್ ಇದೆ, ಅದರಲ್ಲಿ ಒಂದೇ ಒಂದು ಸಾಲಿಲ್ಲ. ಶೇಕಡಾ 5 ಜಿಎಸ್‌ಟಿಯ ಸಾಲನ್ನು ನಾನು ಸೇರಿಸಿದ್ದು ಮೂರನೇ ಆವೃತ್ತಿಯಿಂದ ನಾಲ್ಕಕ್ಕೆ ಹೋಗುವ ಮೈಗ್ರೇಷನ್ನಿನಲ್ಲಿ, ಅಂದರೆ ಹಳೆಯ ಡೇಟಾಬೇಸನ್ನು ಹೊಸ ಆವೃತ್ತಿಗೆ ಹೊಂದಿಸುವ ಕೋಡಿನಲ್ಲಿ. ಹಳೆಯ ಡೇಟಾಬೇಸ್ ಇದ್ದವರು ಆ ದಾರಿಯಲ್ಲೇ ಹಾದು ಬಂದರು. ಹೊಸಬರಿಗೆ, ಡೇಟಾಬೇಸ್ ನೋಡಿಕೊಳ್ಳುವ ರೂಮ್ ಲೈಬ್ರರಿ ಮೈಗ್ರೇಷನ್ ಓಡಿಸುವುದೇ ಇಲ್ಲ, ನೇರ ಈಗಿನ ಆವೃತ್ತಿಯ ಖಾಲಿ ಟೇಬಲುಗಳನ್ನು ಕಟ್ಟಿಕೊಡುತ್ತದೆ. ನನ್ನ ಆರೂ ಹೋಟೆಲುಗಳು ಹಳಬರು, ನಾನು ಎಲ್ಲರಿಗಿಂತ ಹಳಬ.

ಪುಣೆಗೆ ಬಂದ ಹೊಸತರಲ್ಲಿ ಮಧ್ಯಾಹ್ನ ಎರಡಕ್ಕೆ ಲಕ್ಷ್ಮೀ ರಸ್ತೆಗೆ ಹೋಗಿ ಮುಚ್ಚಿದ ಶಟರುಗಳ ಮುಂದೆ ನಿಂತದ್ದು ನೆನಪಾಯಿತು. ಒಂದರಿಂದ ನಾಲ್ಕು ಎಷ್ಟೋ ಅಂಗಡಿಗಳು ಬಂದ್ ಎಂದು ಇಲ್ಲಿಯವರಿಗೆಲ್ಲ ಗೊತ್ತು, ಆದ್ದರಿಂದಲೇ ಯಾರೂ ಹೇಳಿರಲಿಲ್ಲ.

ಆ ಸಾಲು ಸೇರಿಸುವ ಕೆಲಸವನ್ನು ಬೇರೆ ಫಂಕ್ಷನ್ ಮಾಡಿ, ಡೇಟಾಬೇಸ್ ಮೊದಲ ಸಲ ಹುಟ್ಟುವಾಗಲೂ ಕರೆದೆ. ಅಷ್ಟೇ ಸಾಲದು, ಟ್ಯಾಬಿನಲ್ಲಿರುವ 84 ತಿಂಡಿ ಉಳಿಯಬೇಕು. ಅದಕ್ಕೆ ಇನ್ನೊಂದು ಮೈಗ್ರೇಷನ್ ಬರೆದೆ: ಸಾಲು ಇದ್ದರೆ ಬಿಡು, ಇಲ್ಲದಿದ್ದರೆ ಸೇರಿಸು.

ಸಂಜೆ ಮಳೆಯಲ್ಲೇ ಹೋಗಿ ಅಪ್‌ಡೇಟ್ ಹಾಕಿದೆ. ಮೆನು ಹಾಗೇ ಇತ್ತು. ಆ ಹುಡುಗನ ಕೈಯಿಂದಲೇ ಬಿಲ್ ಒತ್ತಿಸಿದೆ. ಪ್ರಿಂಟರ್ ಕಿರ್ರೆಂದಿತು. ಬಿಲ್ ನಂಬರ್ 1: ನೀರ್ ದೋಸೆ ಎರಡು ಪ್ಲೇಟು, ಕಾಫಿ ಒಂದು, ಸಿಜಿಎಸ್‌ಟಿ 2.5, ಎಸ್‌ಜಿಎಸ್‌ಟಿ 2.5.