ಯಹೂದಿಗಳ ಚಿತ್ರೋತ್ಸವಕ್ಕೆ ನೀವೇಕೆ ಹೋಗುತ್ತೀರಿ?

ಸ್ಯಾನ್ ಫ್ರಾನ್ಸಿಸ್ಕೊ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡದ ಗೆಳೆಯರು ಪ್ರತಿ ಜುಲೈ ತಿಂಗಳಿನಲ್ಲಿ ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ನೀವು ಯಹೂದಿಯಲ್ಲ, ಅವರ ಭಾಷೆಯೂ ನಿಮಗೆ ಬಾರದು, ಆದರೂ ವರ್ಷ ವರ್ಷವೂ ರಜೆ ಹಾಕಿ ಅವರ ಚಲನಚಿತ್ರೋತ್ಸವಕ್ಕೆ ಏಕೆ ಹೋಗುತ್ತೀರಿ?" ಊರಿನಿಂದ ಫೋನ್ ಮಾಡುವ ನನ್ನ ಅಕ್ಕನೂ ಇದನ್ನೇ ಕೇಳುತ್ತಾಳೆ. ನಿಂತಲ್ಲೇ ಹೇಳಿ ಮುಗಿಸುವಂಥ ಉತ್ತರ ಇದಕ್ಕಿಲ್ಲದಿರುವುದರಿಂದ ಬರೆದೇ ಹೇಳುತ್ತಿದ್ದೇನೆ.

ಡೆಬೊರಾ ಕಾಫ್‌ಮನ್ 1980ರಲ್ಲಿ ಹುಟ್ಟುಹಾಕಿದ ಸ್ಯಾನ್ ಫ್ರಾನ್ಸಿಸ್ಕೊ ಯಹೂದಿ ಚಲನಚಿತ್ರೋತ್ಸವವು ಈ ಬಗೆಯ ಉತ್ಸವಗಳಲ್ಲಿ ಜಗತ್ತಿಗೇ ಮೊದಲನೆಯದು. ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳಲ್ಲಿ ಹಲವನ್ನು ಕಟ್ಟಿ ಬೆಳೆಸಿದವರು ಯಹೂದಿ ವಲಸಿಗರೇ ಆಗಿದ್ದರೂ, ಅಲ್ಲಿ ತಯಾರಾದ ಚಿತ್ರಗಳಲ್ಲಿ ಯಹೂದಿ ಬದುಕು ಬಹುಕಾಲ ಅಪರೂಪಕ್ಕೆ, ಅದೂ ಒಂದೇ ಅಚ್ಚಿನ ಪಾತ್ರಗಳಾಗಿ ಕಾಣಿಸಿಕೊಳ್ಳುತ್ತಿತ್ತು. ಈ ಕೊರತೆಯನ್ನು ತುಂಬಲು ಆರಂಭವಾದ ಉತ್ಸವವು 1990ರಲ್ಲಿ, ಸೋವಿಯತ್ ಒಕ್ಕೂಟ ಇನ್ನೂ ಉಳಿದಿದ್ದಾಗಲೇ, ಮಾಸ್ಕೊ ನಗರಕ್ಕೂ ಹೋಗಿ ಬಂದಿತು. ಇಲ್ಲಿ ಅದು ದಶಕಗಳ ಕಾಲ ನಡೆದದ್ದು 1922ರಲ್ಲಿ ಕಟ್ಟಿದ ಕ್ಯಾಸ್ಟ್ರೊ ಚಿತ್ರಮಂದಿರದಲ್ಲಿ.

ತಮ್ಮ ಮನೆಯೊಳಗಿನ ಜಗಳವನ್ನು ಅವರು ಹೊರಗಿನವರ ಮುಂದೆ ಮುಚ್ಚಿಡುವುದಿಲ್ಲ ಎಂಬುದು ಈ ಉತ್ಸವದ ಬಗ್ಗೆ ನನಗಿರುವ ಗೌರವದ ಮೂಲ. 2003ರಲ್ಲಿ ಗಾಜಾದಲ್ಲಿ ಇಸ್ರೇಲ್ ಸೇನೆಯ ಬುಲ್ಡೋಜರ್‌ಗೆ ಸಿಕ್ಕಿ ಮೃತಳಾದ ಅಮೆರಿಕದ ತರುಣಿ ರೇಚಲ್ ಕೋರಿಯ ಕುರಿತು, ಮೊರೊಕ್ಕೊದಲ್ಲಿ ಜನಿಸಿದ ಯಹೂದಿ ನಿರ್ದೇಶಕಿ ಸಿಮೋನ್ ಬಿಟ್ಟನ್ ತಯಾರಿಸಿದ ಸಾಕ್ಷ್ಯಚಿತ್ರವನ್ನು 2009ರಲ್ಲಿ ಪ್ರದರ್ಶಿಸಲು ಮುಂದಾದಾಗ, ಸಮುದಾಯದ ಒಳಗಿನಿಂದಲೇ ತೀವ್ರ ವಿರೋಧ ಎದ್ದಿತು. ಆದರೂ ಪ್ರದರ್ಶನ ರದ್ದಾಗಲಿಲ್ಲ. ರೇಚಲ್‌ಳ ತಾಯಿ ಸಿಂಡಿ ಕೋರಿ ಬಂದರು, ಎದುರು ಪಕ್ಷದವರಿಗೂ ವೇದಿಕೆಯಲ್ಲಿ ಮಾತನಾಡಲು ಅವಕಾಶ ಸಿಕ್ಕಿತು. ಮರುವರ್ಷವೇ ಇಲ್ಲಿನ ಯಹೂದಿ ಒಕ್ಕೂಟವು ತನ್ನಿಂದ ಧನಸಹಾಯ ಪಡೆಯುವ ಸಂಸ್ಥೆಗಳು ಏನು ಮಾಡಬಹುದು, ಏನು ಮಾಡಬಾರದು ಎಂಬ ನಿಯಮಗಳನ್ನು ಪ್ರಕಟಿಸಿದ್ದನ್ನು ನೋಡಿದರೆ, ಉತ್ಸವ ಎಂಥ ಬೆಲೆಗೆ ಸಿದ್ಧವಾಗಿತ್ತೆಂಬುದು ತಿಳಿಯುತ್ತದೆ. ನಮ್ಮ ಸಂಘಗಳ ವೇದಿಕೆಗಳಲ್ಲಿ ಇಂಥದ್ದನ್ನು ನಾನು ಇನ್ನೂ ಕಂಡಿಲ್ಲ, ಕಾಣಬೇಕೆಂಬ ಆಸೆಯಿದೆ.

ಈ ವಾದಗಳಿಗಿಂತಲೂ ಹೆಚ್ಚಾಗಿ ನನ್ನನ್ನು ಹಿಡಿದಿಟ್ಟಿರುವುದು ಯಿಡ್ಡಿಷ್ ಭಾಷೆಯ ಹಳೆಯ ಚಿತ್ರಗಳು. ಜರ್ಮನ್ ಭಾಷೆಗೆ ಹತ್ತಿರವಾದ, ಹೀಬ್ರೂ ಲಿಪಿಯಲ್ಲಿ ಬರೆಯುವ ಯಿಡ್ಡಿಷ್ ಎರಡನೆಯ ಮಹಾಯುದ್ಧಕ್ಕೆ ಮೊದಲು ಒಂದು ಕೋಟಿಗೂ ಮಿಕ್ಕಿದ ಜನರ ಮನೆಮಾತಾಗಿತ್ತು. ಉತ್ಸವದ ರುಚಿ ಹತ್ತಿದ ಮೇಲೆ ಹುಡುಕಿಕೊಂಡು ಹೋಗಿ ನೋಡಿದ 'ಡಿಬ್ಬುಕ್' 1937ರಲ್ಲಿ ಪೋಲೆಂಡ್‌ನಲ್ಲಿ ತಯಾರಾದದ್ದು. ಹಳ್ಳಿಹಳ್ಳಿ ತಿರುಗಿ ಯಹೂದಿ ಜಾನಪದವನ್ನು ಸಂಗ್ರಹಿಸಿದ ಎಸ್. ಅನ್‌ಸ್ಕಿಯವರ ನಾಟಕ ಅದಕ್ಕೆ ಆಧಾರ. ಇಬ್ಬರು ಗೆಳೆಯರು ಇನ್ನೂ ಹುಟ್ಟದ ತಮ್ಮ ಮಕ್ಕಳಿಗೆ ಮದುವೆಯ ಮಾತು ಕೊಟ್ಟುಕೊಳ್ಳುತ್ತಾರೆ. ಹಣವಂತನಾದ ಮೇಲೆ ಹೆಣ್ಣಿನ ತಂದೆ ಮಾತಿಗೆ ತಪ್ಪುತ್ತಾನೆ. ಕೊರಗಿ ಸತ್ತ ಹುಡುಗ ಮದುವೆಯ ದಿನ ಅವಳ ಮೈಮೇಲೆ ಬರುತ್ತಾನೆ. ಮದುಮಗಳು ಊರಿನ ಬಡವರೊಡನೆ ಕುಣಿಯಬೇಕಾದ ಶಾಸ್ತ್ರದ ನಡುವೆ ಸಾವಿನ ಮುಖ ಹೊತ್ತ ಆಕೃತಿಯೊಂದು ಬಂದು ಅವಳ ಕೈಹಿಡಿದು ಕುಣಿಯುವಾಗ, ಕೊಟ್ಟ ಮಾತು, ಋಣ, ಮೆಟ್ಟಿಕೊಂಡ ದೆವ್ವ ಎಂದೆಲ್ಲ ನನ್ನಜ್ಜಿ ಹೇಳುತ್ತಿದ್ದ ಕಥೆಗಳೇ ಕಣ್ಣಮುಂದೆ ಬಂದಂತಾಗಿ, ಇಂಗ್ಲಿಷ್ ಅಡಿಬರಹವನ್ನು ಓದುವುದನ್ನೇ ನಾನು ಬಿಟ್ಟಿದ್ದೆ. ಚಿತ್ರ ತೆರೆಕಂಡ ಎರಡೇ ವರ್ಷಗಳಲ್ಲಿ ಜರ್ಮನಿ ಪೋಲೆಂಡ್ ಮೇಲೆ ದಾಳಿ ಮಾಡಿತು. ನಾಜಿಗಳು ಕೊಂದ ಸುಮಾರು 60 ಲಕ್ಷ ಯಹೂದಿಗಳಲ್ಲಿ ಹೆಚ್ಚಿನವರು ಆಡುತ್ತಿದ್ದದ್ದು ಇದೇ ಭಾಷೆ. ಆ ತೆರೆಯ ಮೇಲೆ ಕುಣಿಯುವ ಊರು ಈಗ ತೆರೆಯ ಮೇಲೆ ಮಾತ್ರ ಇದೆ.

ಅಷ್ಟಾದರೂ ಉಳಿದಿರುವುದಕ್ಕೆ ಕಾರಣವಾದವರಿದ್ದಾರೆ. ಬೋಸ್ಟನ್ ಬಳಿಯ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಆರಂಭವಾದ ರಾಷ್ಟ್ರೀಯ ಯಹೂದಿ ಚಲನಚಿತ್ರ ಕೇಂದ್ರವು ಶಿಥಿಲವಾಗಿದ್ದ ಯಿಡ್ಡಿಷ್ ಚಿತ್ರಗಳನ್ನು ಹುಡುಕಿ, ಸರಿಪಡಿಸಿ, ಹೊಸ ಪ್ರತಿಗಳನ್ನು ಮಾಡಿಸಿತು. 'ಡಿಬ್ಬುಕ್' ಕೂಡ ಹಾಗೆ ನಮ್ಮವರೆಗೆ ಬಂದದ್ದು. ಉಳಿಸಿದ್ದನ್ನು ನೋಡಲು ಜನರನ್ನು ಕೂಡಿಸುವ ಕೆಲಸ ಉತ್ಸವಗಳದು.

ಕೆಲವು ವರ್ಷಗಳ ಹಿಂದೆ, ಪ್ರದರ್ಶನ ಆರಂಭವಾಗುವ ಮೊದಲು, ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ನಿಮ್ಮ ಭಾಷೆಯ ಮೊದಲ ಮಾತಿನ ಚಿತ್ರ ಯಾವುದು, ಅದನ್ನು ಎಲ್ಲಿ ನೋಡಬಹುದು ಎಂದು ಕೇಳಿದರು. ಅದು 'ಸತಿ ಸುಲೋಚನ', 1934ರಲ್ಲಿ ತೆರೆಕಂಡಿತು, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ನಟಿಸಿದ್ದರು ಎಂದೆ. ಅದರ ಒಂದು ಪ್ರತಿಯೂ ಉಳಿದಿಲ್ಲ ಎಂದಾಗ ಅವರು ನನ್ನ ಕೈಯನ್ನು ಮೆಲ್ಲಗೆ ಅದುಮಿದರು. ಅಷ್ಟರಲ್ಲಿ ದೀಪ ಆರಿತು.