ಮಾತ್ರೆ ಕೊಟ್ಟಿದ್ದೀರಾ?

"ಜ್ವರಕ್ಕೆ ಮಾತ್ರೆ ಏನಾದರೂ ಕೊಟ್ಟಿದ್ದೀರಾ?"

ಭಾನುವಾರ ರಾತ್ರಿ ಮೈಸೂರಿನ ಆಸ್ಪತ್ರೆಯಲ್ಲಿ ನರ್ಸ್ ಕೇಳಿದ ಮೊದಲ ಮಾತು ಇದು. ಇಲ್ಲ ಅಂದೆ. "ಒಳ್ಳೇದಾಯ್ತು" ಅಂದರು. ನಿನ್ನೆ ಅಮ್ಮ ಮನೆಗೆ ಬಂದಾಯಿತು. ಆ ಮಾತು ಮಾತ್ರ ಕಿವಿ ಬಿಟ್ಟು ಹೋಗಿಲ್ಲ. ಯಾಕೆಂದರೆ ನಾನು ಕೊಡುವವಳೇ ಇದ್ದೆ. ಮಾತ್ರೆ, ನೀರಿನ ಲೋಟ ಎರಡೂ ಕೈಯಲ್ಲಿದ್ದವು.

ಅಮ್ಮನಿಗೆ ಕ್ಯಾನ್ಸರ್‌ನ ಎರಡನೇ ಕೀಮೋ ಆಗಿ ಅವತ್ತಿಗೆ ಹತ್ತು ದಿನ. ಸಂಜೆ ಅಮ್ಮ ಚಳಿ ಅಂದರು. ನೋಡಿದರೆ 100.6. ಮಂಡ್ಯದ ನಮ್ಮ ಮನೆಯಲ್ಲಿ ಆಗ ದೊಡ್ಡಮ್ಮ ಇದ್ದರು, ಜೊತೆಗೆ ಮೂಗು ಸೋರುತ್ತಿದ್ದ ಅವರ ಮೊಮ್ಮಗ. "ಅಯ್ಯೋ ಬುಡು ಮಗ, ನೂರು ಜ್ವರನೂ ಒಂದು ಜ್ವರವಾ? ಮಾತ್ರೆ ಕೊಟ್ಟು ಮಲಗ್ಸು, ಹೊತ್ತಾರೆ ನೋಡ್ಕಳನ." ದೊಡ್ಡಮ್ಮ ಕೆಟ್ಟವರಲ್ಲ. ನಾಲ್ಕು ಮಕ್ಕಳನ್ನು ಹಾಗೇ ಸಾಕಿದವರು. ನಮ್ಮ ಜ್ವರಗಳೂ ಹಾಗೇ ಬಿಟ್ಟಿದ್ದು ಅಲ್ವಾ?

ಕೈ ತಡೆದದ್ದು ಫ್ರಿಡ್ಜ್ ಮೇಲೆ ಅಂಟಿಸಿದ್ದ ಚೀಟಿ. 100.4 ಆದರೆ ಎಷ್ಟು ಹೊತ್ತಾದರೂ ಸರಿ, ತಕ್ಷಣ ಬನ್ನಿ. ಮೈಸೂರಿಗೆ ಸುಮಾರು 45 ಕಿಲೋಮೀಟರ್. ಶ್ರೀರಂಗಪಟ್ಟಣ ದಾಟುವಾಗ ಅಮ್ಮ, "ಸುಮ್ನೆ ಎಲ್ಲರಿಗೂ ತೊಂದರೆ" ಅಂದರು.

ಅಲ್ಲಿ ಯಾರೂ ರಿಪೋರ್ಟಿಗೆ ಕಾಯಲಿಲ್ಲ. ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಕಲ್ಚರ್ ಪರೀಕ್ಷೆಗೆ ಎರಡು ಕಡೆ ರಕ್ತ ತೆಗೆದು, ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಡ್ರಿಪ್ ಹಾಕಿಬಿಟ್ಟರು. ಆಮೇಲೆ ರಕ್ತಕಣಗಳ ಕೌಂಟ್ ಬಂತು. ನ್ಯೂಟ್ರೋಫಿಲ್ 200. ಸೋಂಕಿನ ಜೊತೆ ಮೊದಲು ಹೊಡೆದಾಡುವ ಬಿಳಿ ರಕ್ತಕಣಗಳು ಇವು, ಕೀಮೋ ಆದ ಮೇಲೆ ಕಡಿಮೆಯಾಗುತ್ತವೆ. 500ಕ್ಕಿಂತ ಕೆಳಗಿಳಿದರೆ ಅಪಾಯ ಜಾಸ್ತಿ.

ಡಾಕ್ಟರ್ ಸಮಾಧಾನವಾಗಿ ಹೇಳಿದರು. ಗಾಯ ಕೀವಾಗುವುದು, ಊದಿಕೊಳ್ಳುವುದು ಹೆಚ್ಚಾಗಿ ಈ ಕಣಗಳಿಂದ ಅಂತೆ. ಅವೇ ಇಲ್ಲದಾಗ ಒಳಗೆ ಸೋಂಕು ಹಬ್ಬುತ್ತಿದ್ದರೂ ಹೊರಗೆ ಏನೂ ಕಾಣದೇ ಇರಬಹುದು. ಎಷ್ಟೋ ಸಲ ಜ್ವರ ಒಂದೇ ಗುರುತು. ಮಾತ್ರೆ ಕೊಟ್ಟರೆ ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ನಾವು ಬೆಳಗಿನವರೆಗೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆವು. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಎರಡು ದಿನ ಆ ಮಗುವಿನ ಮೇಲೆ, ದೊಡ್ಡಮ್ಮನ ಮೇಲೆ ಸಿಟ್ಟಿತ್ತು. ತಡೆಯಲಾರದೆ, ಸೋಂಕು ಆ ಮಗುವಿನಿಂದಲೇ ಬಂತಾ ಅಂತ ಡಾಕ್ಟರನ್ನೇ ಕೇಳಿದೆ. ಕೀಮೋದಿಂದ ಬಾಯಿ, ಕರುಳಿನ ಒಳಪದರ ಹಾಳಾಗಿರುತ್ತದೆ, ಎಷ್ಟೋ ಸಲ ರೋಗಿಯ ಕರುಳಲ್ಲೇ ಇದ್ದ ರೋಗಾಣು ರಕ್ತಕ್ಕೆ ಇಳಿಯುತ್ತದೆ ಅಂದರು. ಅಮ್ಮನ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಎಲ್ಲಿಂದ ಬಂತೋ ಗೊತ್ತಾಗುವುದೂ ಇಲ್ಲ.

ಹಾಗಂತ ನೆಗಡಿ ಇದ್ದವರನ್ನು ಇನ್ನು ಒಳಗೆ ಬಿಡುವುದಿಲ್ಲ. ನಮ್ಮ ಕಡೆ ಬಾಣಂತಿ ನೋಡಲು ಬಂದವರು ಹೇಳಿಸಿಕೊಳ್ಳದೆ ಕೈಕಾಲು ತೊಳೆಯುತ್ತಾರೆ. ಕೀಮೋ ಆದವರ ಮನೆಯಲ್ಲಿ ಕೈ ತೊಳೆಯಿರಿ ಅಂದರೆ ಮಾತ್ರ ಮುಖ ಸಣ್ಣದಾಗುತ್ತದೆ. ಆ ಮುಖಕ್ಕೆ ಹೆದರಿ ಭಾನುವಾರ ನಾನು ಬಾಯಿ ಬಿಟ್ಟಿರಲಿಲ್ಲ.

ಇವತ್ತು ದೊಡ್ಡಮ್ಮ ಒಬ್ಬರೇ ಬಂದಿದ್ದರು. ನಲ್ಲಿ ಹತ್ತಿರ ಸೋಪು ಇಟ್ಟಿದ್ದೆ. ಕೈ ತೊಳೆದು, ಒಳಗೆ ಬರದೆ ಜಗಲಿಯಲ್ಲೇ ಕೂತು ಕಿಟಕಿಯಿಂದ ಅಮ್ಮನ ಜೊತೆ ಮಾತಾಡಿದರು. ಹೊರಡುವಾಗ ಮೆಲ್ಲಗೆ ಕೇಳಿದರು, "ಅವತ್ತು ಮಾತ್ರೆ ಕೊಡು ಅಂದ್ನಲ್ಲ, ತಪ್ಪಾಯ್ತಾ ಮಗ?"

"ನಾನು ಕೊಡಲಿಲ್ಲವಲ್ಲ ದೊಡ್ಡಮ್ಮ" ಅಂದೆ.