ಬಣ್ಣದ ಕಿಟಕಿಗಳ ಠಾಣೆ

ಮಗಳ ಮನೆಗೆಂದು ಸಿಂಗಪುರಕ್ಕೆ ಹೋಗಿದ್ದಾಗ, ಒಂದು ಬೆಳಿಗ್ಗೆ ಕೋಲ್ಮನ್ ಸೇತುವೆಯ ಮೇಲೆ ನಡೆಯುತ್ತಿದ್ದ ನನಗೆ ಆಚೆ ದಡದ ಕಟ್ಟಡವೊಂದು ಮಕ್ಕಳ ಶಾಲೆಯಂತೆ ಕಂಡಿತು. ಮಾಸಲು ಬಿಳಿಯ ಗೋಡೆ, ಅದರ ತುಂಬ ಕೆಂಪು, ಹಳದಿ, ಹಸಿರು, ನೀಲಿ, ನೇರಳೆ ಬಣ್ಣದ ಮರದ ಕದಗಳು. "ಶಾಲೆ ಅಲ್ಲಪ್ಪ, ಹಳೇ ಪೊಲೀಸ್ ಠಾಣೆ" ಎಂದಳು ಮಗಳು. ಹೆಡ್ ಕಾನ್‌ಸ್ಟೇಬಲರ ಮಗನಾಗಿ ಪೊಲೀಸ್ ಲೈನಿನಲ್ಲೇ ಬೆಳೆದ ನನಗೆ ಇನ್ನು ಮುಂದಕ್ಕೆ ಹೆಜ್ಜೆ ಏಳಲಿಲ್ಲ.

ಹಿಲ್ ಸ್ಟ್ರೀಟ್ ಠಾಣೆಯ ಈ ಆರು ಅಂತಸ್ತಿನ ಕಟ್ಟಡ ಮುಗಿದದ್ದು 1934ರಲ್ಲಿ. ಲೋಕೋಪಯೋಗಿ ಇಲಾಖೆಯ ಫ್ರಾಂಕ್ ಡಾರಿಂಗ್ಟನ್ ವಾರ್ಡ್ ಇದರ ವಾಸ್ತುಶಿಲ್ಪಿ. ಅಲ್ಲಿನ ಹಳೆಯ ಸುಪ್ರೀಂ ಕೋರ್ಟ್ ಮತ್ತು ಕಲ್ಲಾಂಗ್ ವಿಮಾನ ನಿಲ್ದಾಣ ಕೂಡ ಅವರದೇ ಕೈಕೆಲಸ. ಆ ಕಾಲಕ್ಕೆ ಇದು ಬ್ರಿಟಿಷರ ಕೈಯಲ್ಲಿದ್ದ ಮಲಯ ಪ್ರಾಂತ್ಯದಲ್ಲೇ ಅತಿ ದೊಡ್ಡ ಸರ್ಕಾರಿ ಕಟ್ಟಡವಾಗಿತ್ತು. ಹೊಳೆಯ ಈಚೆ ದಡದ ಚೈನಾಟೌನಿನಲ್ಲಿ ಗುಪ್ತ ಸಂಘಗಳ ಹೊಡೆದಾಟ ಹೆಚ್ಚಿದ್ದ ದಿನಗಳವು. ಠಾಣೆಯ ಗಾತ್ರದಲ್ಲಿಯೇ ಒಂದು ಗದರಿಕೆಯಿತ್ತು ಎಂದು ನನಗನ್ನಿಸಿತು. ಅದರಲ್ಲೂ ಇಲ್ಲಿ ಮೊದಲಿದ್ದದ್ದು ಊರಿನ ಹಳೆಯ ಜೈಲು.

ಆದರೆ ನನ್ನ ಕಣ್ಣು ನಿಂತದ್ದು ಕಮಾನುಗಳ ಮೇಲಲ್ಲ, ಮೇಲಿನ ಅಂತಸ್ತುಗಳಲ್ಲಿ ಗೋಡೆಯಿಂದ ಮುಂದಕ್ಕೆ ಚಾಚಿದ ಬಾಲ್ಕನಿಗಳ ಮೇಲೆ. ಕಚೇರಿಗೆ ಅಷ್ಟೊಂದು ಬಾಲ್ಕನಿ ಯಾರೂ ಕಟ್ಟುವುದಿಲ್ಲ, ಅವು ಬಟ್ಟೆ ಒಣಹಾಕುವವರಿಗೆ ಬೇಕಾಗುವಂಥವು. ಪೊಲೀಸರು ಮತ್ತು ಅವರ ಸಂಸಾರಗಳು ಇದೇ ಸೂರಿನಡಿ ಇದ್ದರಂತೆ. ಒಟ್ಟು 927 ಕಿಟಕಿಗಳು. ಕದಗಳು ಓರೆಪಟ್ಟಿ ಜೋಡಿಸಿದಂಥವು, ಗಾಳಿ ಒಳಬರುತ್ತದೆ, ಬಿಸಿಲೂ ಮಳೆಯೂ ಹೊರಗೇ ಉಳಿಯುತ್ತವೆ.

ಗಾಳಿಯಂತೆ ಸದ್ದೂ ಒಳಬರುತ್ತದೆ. ನಮ್ಮ ಲೈನಿನ ಮನೆಗೂ ಠಾಣೆಯ ಲಾಕಪ್ಪಿಗೂ ನಡುವೆ ಇದ್ದದ್ದು ಒಂದು ಬೇವಿನ ಮರ ಮಾತ್ರ. ರಾತ್ರಿ ಯಾರನ್ನಾದರೂ ಹಿಡಿದು ತಂದರೆ ಅಮ್ಮ ಒಲೆಯ ಮುಂದಿನಿಂದ ಎದ್ದು ಅಡುಗೆಮನೆಯ ಕಿಟಕಿ ಮುಚ್ಚಿ, ಅಗುಳಿ ಹಾಕಿ, ಏನೂ ಆಗದವಳಂತೆ ಮತ್ತೆ ರೊಟ್ಟಿ ತಟ್ಟುತ್ತಿದ್ದಳು. ಎರಡನೆಯ ಮಹಾಯುದ್ಧದ ಕಾಲದ ಜಪಾನೀಯರ ಆಳ್ವಿಕೆಯಲ್ಲಿ ಈ ಹಿಲ್ ಸ್ಟ್ರೀಟ್ ಠಾಣೆಯಲ್ಲಿ ಸೆರೆಯಾಳುಗಳಿಗೆ ಚಿತ್ರಹಿಂಸೆ ಕೊಟ್ಟರೆಂದು ಮಗಳು ಫೋನು ನೋಡಿ ಓದಿದಾಗ ನನಗೆ ನೆನಪಾದದ್ದು ಆ ಅಗುಳಿಯ ಸದ್ದು.

ಪೊಲೀಸರು 1980ರಲ್ಲಿ ಇಲ್ಲಿಂದ ಹೊರಟರು. 1998ರಲ್ಲಿ ಕಟ್ಟಡ ರಾಷ್ಟ್ರೀಯ ಸ್ಮಾರಕವಾಯಿತು; ಈಗ ಸಚಿವಾಲಯವೊಂದರ ಕಚೇರಿ. ಬಣ್ಣ ಬಂದದ್ದು ಆಮೇಲಿನ ನವೀಕರಣದಲ್ಲಿ. ಬಣ್ಣ ಚೆಂದವೇ, ಆದರೂ ಠಾಣೆಗೆ ಇಷ್ಟು ನಗುಮುಖ ಒಗ್ಗಿಲ್ಲವೆಂದೇ ನನ್ನ ಅಭಿಪ್ರಾಯ.

ಒಳಗಿನ ಅಂಗಳಕ್ಕೆ ಗಾಜಿನ ಮಾಡು ಹೊದಿಸಿದ್ದಾರೆ. ಅಲ್ಲಿ ನಿಂತು ತಲೆಯೆತ್ತಿದೆ. ಸುತ್ತಲಿನ ಕಿಟಕಿಗಳು ಸಾಲುಸಾಲಾಗಿ ಅಂಗಳದತ್ತಲೇ ಮುಖ ಮಾಡಿದ್ದವು. ತೆರೆದದ್ದೊಂದು ಸಿಗಬಹುದೇ ಎಂದು ಮೂರನೆಯ ಅಂತಸ್ತಿನಿಂದ ಎಣಿಸುತ್ತ ಹೋದೆ, ಮಗಳು ಕರೆದಾಗ ಲೆಕ್ಕ ತಪ್ಪಿತು.